ಹಾಕದ ಮದ್ದಿನ ಗೆಲುವು

ಒಂದಾನೊಂದು ಊರು. ಅಲ್ಲೊಂದು ಪ್ರಯೋಗಾಲಯ. ಅಲ್ಲಿನ ಗಾಜಿನ ತಟ್ಟೆಗಳಲ್ಲಿ ಹಸಿರಾಗಿ ಹೊಳೆಯುವ ವೈರಸ್ಸಿತ್ತಂತೆ. ಅದರ ಜೀನುಗಳು ಎಚ್ಚರವಿರುವಷ್ಟು ಹೊತ್ತೂ ಬೆಳಕು. ಒಂದು ಬೆಳಿಗ್ಗೆ, ಮದ್ದಿನ ಗುರುತಿದ್ದ ತಟ್ಟೆಗಳಷ್ಟೇ ಕತ್ತಲಾದವು.

ಎಲ್ಲರೂ ಮೇಷ್ಟ್ರು ಎನ್ನುವ ಹಿರಿಯ ವಿಜ್ಞಾನಿಯ ಮದ್ದು ಗೆದ್ದಿತೆಂದು ಚಪ್ಪಾಳೆ ಬಿತ್ತು. ತಟ್ಟೆಗೆ ಮದ್ದು ಹಾಕುವ ಸಹಾಯಕಿ ಮಾತ್ರ, ಫಲಿತಾಂಶ ತಾಳೆ ನೋಡುವ ಪರೀಕ್ಷಕಿಯನ್ನು ಮೂಲೆಗೆಳೆದಳು.

"ಅಕ್ಕಾ, ಬೈಬೇಡಿ. ನಾನು ಮದ್ದು ಹಾಕೋದೇ ಮರೆತೆ. ಸೀಸೆಯ ಸೀಲೇ ಒಡೆದಿಲ್ಲ."

"ಮತ್ತೆ ವೈರಸ್ಸು ಯಾರನ್ನ ನೋಡಿ ಹೆದರ್ತು? ನಿನ್ನ ಮುಖಾನಾ?"

ತಮಾಷೆ ಮಾಡುತ್ತಲೇ ಪರೀಕ್ಷಕಿ ಗಡಿಯಾರ ನೋಡಿದಳು. ಮಧ್ಯಾಹ್ನ ಆ ಮದ್ದಿನ ಮೊದಲ ಸೂಜಿ, ಅದೇ ವೈರಸ್ಸು ತಗುಲಿದ್ದ ಅವಳ ಭಾವನಿಗೇ. ಅದಕ್ಕಾಗಿ ಅವನು ತನ್ನ ಜೀವ ಹಿಡಿದಿಟ್ಟಿದ್ದ ಹಳೆಯ ಮಾತ್ರೆ ಬಿಡಬೇಕು. "ಮದ್ದು ನಿಜವೋ ಸುಳ್ಳೋ ಅಷ್ಟರೊಳಗೆ ಹೇಳ್ತೀನಿ" ಎಂದು ಅಕ್ಕನಿಗೆ ಮಾತು ಕೊಟ್ಟಿದ್ದಳು.

* * *

ತಟ್ಟೆಗಳನ್ನು ಬೆಚ್ಚಗಿಡುವ ಕಾವುಪೆಟ್ಟಿಗೆ ಕೆಟ್ಟಿತ್ತೇ? ಇಲ್ಲ, ಬೆಚ್ಚಗಿತ್ತು. ಸಹಾಯಕಿಯೇ ಏನೋ ಸುರಿದು ನಾಟಕವಾಡುತ್ತಿದ್ದಾಳೆಯೇ? ಸಂಶಯ ಹೊಕ್ಕ ಕಣ್ಣಿಗೆ ಹಗ್ಗವೂ ಹಾವು.

ತಟ್ಟೆಯಲ್ಲಿ ವೈರಸ್ಸು ಹೊಕ್ಕಿದ್ದ ಕೋಶಗಳನ್ನು ಪರೀಕ್ಷಿಸಿದಳು. ಮದ್ದು ವೈರಸ್ಸನ್ನಷ್ಟೇ ಮುಟ್ಟಬೇಕಿತ್ತು. ಇಲ್ಲಿ ವೈರಸ್ಸಿನ ಜೀನುಗಳನ್ನು ಎಬ್ಬಿಸುವ ಪ್ರೋಟೀನೂ ತುಂಡು, ಕೋಶದ ಸ್ವಂತ ಪ್ರೋಟೀನೂ ತುಂಡು. ಒಂದೇ ಕತ್ತರಿಯ ಗುರುತು.

* * *

"ಮೇಷ್ಟ್ರೇ, ಇದು ರಕ್ತದ ಕಾವಲು ಕೋಶಗಳ ಕೆಲಸ. ಸೋಂಕು ತಗುಲಿದ ಕೋಶದೊಳಗೆ ಅವು ಪ್ರೋಟೀನು ಕತ್ತರಿಸೋ ಕಿಣ್ವ ನುಗ್ಗಿಸ್ತವೆ. ಅದು ಕಳ್ಳನ ಬಾಯಿ ಕಟ್ಟೋವಾಗ ಮನೆಯವರ ಬಾಯನ್ನೂ ಕಟ್ಟುತ್ತೆ."

"ಆ ಹುಡುಗಿ ಹಾಕಿರ್ತಾಳೆ."

"ಹಾಕಿದವಳು ಸೀಸೆಯ ಸೀಲು ಒಡೆದಿಲ್ಲ ಅಂತ ತಾನೇ ಬಂದು ಹೇಳ್ತಾಳಾ? ಇದನ್ನ ಮಾಡಿದವರು ಅವಳು ಮದ್ದು ಹಾಕಿದ್ದಾಳೆ ಅಂತ ನಂಬಿದ್ರು. ಆದ್ರೆ ಆ ಮದ್ದನ್ನ ಮಾತ್ರ ನಂಬಿರ್ಲಿಲ್ಲ. ತಟ್ಟೆಗೆ ಕೆಲವು ಕಾವಲು ಕೋಶ ಇನ್ನೂ ಅಂಟಿವೆ. ಯಾರ ರಕ್ತದ್ದು ಅಂತ ಪರೀಕ್ಷೆ ಹೇಳುತ್ತೆ. ಹೋಲಿಸಿ ನೋಡೋಕೆ ಮೊದಲು ನಿಮ್ಮ ಎಂಜಲು ಕೊಡ್ತೀರಾ?"

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ನದೇ ರಕ್ತ. ಇಷ್ಟು ವರ್ಷ ಸೋತಿದ್ದೆನಮ್ಮಾ. ಒಂದೇ ಒಂದು ಸಲ ಗೆಲ್ಲೋಣ ಅಂತ..."

"ಗೆದ್ದಿದ್ರೆ ನಮ್ಮ ಭಾವ ಸಾಯ್ತಿದ್ರು."

ಅವಳು ಆಗಲೇ ಫೋನು ಒತ್ತಿದ್ದಳು.

"ಅಕ್ಕಾ, ಮದ್ದು ಸುಳ್ಳು. ಸೂಜಿ ಬೇಡ, ಹಳೇ ಮಾತ್ರೆ ಬಿಡಿಸ್ಬೇಡ."

"ಅಯ್ಯೋ, ನಿಮ್ಮ ಭಾವ ತೋಳು ಚಾಚ್ಕೊಂಡು ಕೂತಿದ್ದಾರೆ ಕಣೇ!"

"ಮಡಚೋಕೆ ಹೇಳು."