ಬಿಸಿಲಿಗಿಟ್ಟ ಸಿಗಾರುಗಳು

“ಅಯ್ಯೋ ಮೇಡಂ! ಅದನ್ನ ಬಿಸಿಲಿಗೆ ಹಾಕ್ಬೇಡಿ!”

ತಾರಸಿಗೆ ಓಡಿಬಂದ ಅಪರಿಚಿತನನ್ನು ಕಂಡು ವಾರಿಜಾ ಬೆಚ್ಚಿಬಿದ್ದಳು. ಅದು ೧೯೮೧ರ ಬೇಸಿಗೆ. ಜಯನಗರದ ಆ ಮನೆಯ ತಾರಸಿಯಲ್ಲಿ ಅಮ್ಮನ ಸಂಡಿಗೆ ಒಣಗುತ್ತಿತ್ತು. ಪಕ್ಕದಲ್ಲೇ ಅವಳು ಅಪ್ಪನ ಸಿಗಾರುಗಳನ್ನೂ ಹರಡಿದ್ದಳು.

“ಬೂಷ್ಟು ಬಂದಿದೆ. ಒಣಗಿಸ್ಬೇಡ್ವಾ?”

“ಬೂಷ್ಟಲ್ಲ ರೀ, ಮಾಗ್ತಾ ಇರೋ ಗುರುತು! ಒಣಗಿದ್ರೆ ಬರೀ ಹುಲ್ಲು!”

ಅವನು ಒಂದೊಂದನ್ನೂ ಎಳೆಗೂಸಿನಂತೆ ಎತ್ತಿ ಪೆಟ್ಟಿಗೆಗೆ ಸೇರಿಸಿದ. ಎಷ್ಟು ಜಂಬ ಇವನಿಗೆ! ಎಂದು ಸಿಡುಕಿದಳು... ಸಿಡುಕುತ್ತಲೇ ಆ ಬೆರಳುಗಳನ್ನೇ ನೋಡುತ್ತ ನಿಂತಳು.

ಅವನು ರಾಮಪ್ರಸಾದ. ಅವಳ ಅಪ್ಪ ಬದರಿನಾಥರ ಕೈಕೆಳಗೆ ಕೆಲಸ ಮಾಡಿದ್ದವನು. ನಿವೃತ್ತಿಯ ದಿನ ಸ್ನೇಹಿತರು ಕೊಟ್ಟ ಆ ದುಬಾರಿ ಸಿಗಾರುಗಳನ್ನು ತೋರಿಸಲು ಅಪ್ಪನೇ ಅವನನ್ನು ಕರೆಸಿದ್ದರು. ಅವನ ಸೋದರಮಾವನದು ಕಂಟೋನ್ಮೆಂಟಿನಲ್ಲಿ ಹೊಗೆಸೊಪ್ಪಿನ ಅಂಗಡಿ. ಒಳ್ಳೆಯ ಸಿಗಾರನ್ನು ಸೇದುವ ಮೊದಲು ವರ್ಷಗಟ್ಟಲೆ ಮಾಗಿಸಬೇಕು ಎಂದು ಅವನಿಗೆ ಗೊತ್ತಿತ್ತು.

ಅಂದಿನಿಂದ ಭಾನುವಾರ ಬಂದರೆ ಅವನು ಹಾಜರು. ಪೆಟ್ಟಿಗೆಯೊಳಗಿನ ಒದ್ದೆ ಸ್ಪಂಜು ಬದಲಿಸಿ, ಒಂದು ಸಿಗಾರನ್ನು ಮೂಸಿ, ಅಪ್ಪನಿಗೆ ಮೆಲ್ಲಗೆ ಏನೋ ಹೇಳುತ್ತಿದ್ದ. ಕಾಫಿ ಕೊಡುವಾಗ ವಾರಿಜಾ ಕಣ್ಣೆತ್ತಿದರೆ ಅವನೂ ನೋಡುತ್ತಿದ್ದ. ಅಷ್ಟಕ್ಕೇ ಅವಳಿಗೆ ವಾರವೆಲ್ಲ ಹಬ್ಬ!

ಆಮೇಲೆ ಅಪ್ಪನಿಗೆ ಹೃದಯದ ಕಾಯಿಲೆ ಬಂತು. ಒಂದು ದಮ್ಮೂ ಎಳೆಯಕೂಡದು ಎಂದರು ಡಾಕ್ಟರು. ಆದರೂ ರಾಮಪ್ರಸಾದ ಬಂದ. ಕೋಣೆಯ ಬಾಗಿಲು ಮುಚ್ಚಿ ಇಬ್ಬರೂ ಪೆಟ್ಟಿಗೆ ತೆರೆಯುತ್ತಿದ್ದರು. ಅಪ್ಪನಿಗೆ ಕದ್ದು ಸೇದಿಸುತ್ತಿದ್ದಾನೆ ಎಂದು ಹೊರಗೆ ವಾರಿಜಾ ಕುದಿಯುತ್ತಿದ್ದಳು.

ಮರುವರ್ಷ ಅಪ್ಪ ಹೋಗಿಬಿಟ್ಟರು.

“ನೀವೇ ಕೊಂದ್ರಿ ನಮ್ಮಪ್ಪನ್ನ! ಹೋಗಿ ಇಲ್ಲಿಂದ!”

ನೆರೆದವರೆಲ್ಲರ ಎದುರೇ ಅವಳು ಕಿರುಚಿದಳು. ರಾಮಪ್ರಸಾದ ತುಟಿ ಬಿಚ್ಚದೆ ಹೊರಟುಹೋದ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಮ್ಮ ಚೂಡಾಮಣಿ ಪೆಟ್ಟಿಗೆ ತಂದು ಮಗಳ ಮುಂದಿಟ್ಟರು. ಮುಚ್ಚಳ ತೆಗೆದ ವಾರಿಜಾ ದಂಗಾದಳು. ಒಂದೂ ಕಡಿಮೆಯಾಗಿರಲಿಲ್ಲ!

“ಡಾಕ್ಟರ ಮಾತಿಗೆ ನಿಮ್ಮಪ್ಪ ಕ್ಯಾರೇ ಅಂತಿರ್ಲಿಲ್ಲ ಕಣೇ. ಈ ಹುಡುಗ ‘ಇನ್ನೂ ಹದ ಬಂದಿಲ್ಲ ಸಾರ್, ಸ್ವಲ್ಪ ತಡೀರಿ’ ಅಂದ್ರೆ ಮಾತ್ರ ಬೆಂಕಿಪೊಟ್ಟಣ ಕೆಳಗಿಡೋರು. ಹಾಗೇ ಕಾಯಿಸಿ ಕಾಯಿಸಿ...”

“ಅವತ್ತೇ ಯಾಕಮ್ಮ ಹೇಳ್ಲಿಲ್ಲ?”

“ಅವತ್ತು ನನಗೆ ಮಾತೆಲ್ಲಿತ್ತು?”

ಅಯ್ಯೋ ದೇವರೇ, ಎಂಥಾ ಮಾತಾಡಿಬಿಟ್ಟೆ! ವಾರಿಜಾ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಪುಟ್ಟೇನಹಳ್ಳಿಯ ಬಾಡಿಗೆ ಕೋಣೆಯ ಬಾಗಿಲು ತೆರೆದ ರಾಮಪ್ರಸಾದ ಸೊರಗಿಹೋಗಿದ್ದ.

“ತಪ್ಪಾಯ್ತು... ಅಷ್ಟಂದ್ರೂ ಯಾಕೆ ಸುಮ್ನಿದ್ರಿ?”

“ಅವತ್ತು ನಿಮಗೆ ಬೈಯೋಕೆ ಯಾರಾದ್ರೂ ಬೇಕಿತ್ತು, ವಾರಿಜಾ. ನಾನೇ ಆಗ್ಲಿ ಅಂದ್ಕೊಂಡೆ.”

ಅವಳು ಬಾಗಿಲಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು.

“ಕೊನೇ ಭಾನುವಾರ ಸಾರ್ ಕೇಳಿದ್ರು, ‘ನಿಜ ಹೇಳು, ಇದನ್ನ ಯಾವತ್ತು ಸೇದೋದು?’ ಅಂತ. ನಿಮ್ಮ ಮಗಳ ಮದ್ವೆ ದಿನ ಅಂದೆ. ‘ಹಾಗಾದ್ರೆ ನೀನೇ ಬೇಗ ಮನಸ್ಸು ಮಾಡಯ್ಯ’ ಅಂದ್ಬಿಟ್ರು.”

“ಅಪ್ಪನಿಗೆ ಗೊತ್ತಿತ್ತಾ?”

“ನನಗಿಂತ ಮೊದ್ಲೇ ಗೊತ್ತಿತ್ತು ಅನ್ಸುತ್ತೆ.”

ಅಳುವಿನ ನಡುವೆಯೇ ವಾರಿಜಾ ಅವನ ಕೈ ಹಿಡಿದಳು. “ಮನಸ್ಸು ಮಾಡಿದೀರಾ?”

“ಮಾಡಿದೀನಿ. ಆದ್ರೆ ಹೆಣ್ಣು ಕೇಳೋಕೆ ಸಾರ್ ಇಲ್ವಲ್ಲ...”

“ಅಮ್ಮ ಇದ್ದಾರೆ. ಬನ್ನಿ, ಹೋಗಿ ಕೇಳೋಣ.”