ಹಾಲುಗುಡ್ಡೆಯ ಏಳು ಮಂದಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಯನ್ನು ಮೊದಲು ಆಡಿದವರು ಯಾರೋ ಏನೋ, ಅವರಿಗೆ ಹೇರಂಬ ಹೆಗಡೆಯ ಪರಿಚಯ ಇದ್ದಿರಲೇಬೇಕು ಎಂದು ಮಂಜುನಾಥಪ್ಪನಿಗೆ ಅನ್ನಿಸುತ್ತಿತ್ತು. ವರ ಕೊಟ್ಟದ್ದು ಸರ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲೂಕಿನ ಕುರುಡರು, ಕಿವುಡರು, ಕೈಕಾಲಿಲ್ಲದವರನ್ನೆಲ್ಲ ಒಂದೇ ಯೋಜನೆಗೆ ಸೇರಿಸಿಕೊಂಡು ಔಷಧಿ, ಆಸ್ಪತ್ರೆ, ಬಸ್ಸಿನ ಚಾರ್ಜು, ಹಾಸಿಗೆ ಹಿಡಿದವರಿಗೆ ಕಂಬಳಿ, ಹಾಲಿನ ಪುಡಿ ಎಲ್ಲವನ್ನೂ ಪುಕ್ಕಟೆ ಕೊಡುವುದಾಗಿ ಹೇಳಿತ್ತು. ಆಗಬೇಕಾದ್ದು ಇಷ್ಟೇ: ಈ ಮನುಷ್ಯ ನಮ್ಮೂರವನು, ಇವನಿಗೆ ಇಂಥ ಊನ ಇರುವುದು ನಿಜ ಎಂದು ಪಂಚಾಯಿತಿ ಚೇರ್ಮನ್ ಒಂದು ಸಹಿ ಹಾಕಬೇಕು. ಮೂರೂ ತಾಲೂಕಿನ ಪಟ್ಟಿಗಳು ಬಂದು ಬೀಳುತ್ತಿದ್ದದ್ದು ಸಾಗರದ ಆರೋಗ್ಯ ಕಚೇರಿಯಲ್ಲಿ, ಗುಮಾಸ್ತ ಮಂಜುನಾಥಪ್ಪನ ಮೇಜಿನ ಮೇಲೆ. ಅವನ ಕೈಯಿಂದ ನೂರಾರು ಜನರಿಗೆ ಸವಲತ್ತಿನ ಚೀಟಿ ಹೋಯಿತು. ಅವನ ಸ್ವಂತ ತಮ್ಮನಿಗೆ ಮಾತ್ರ ಹೋಗಲಿಲ್ಲ.

ತಮ್ಮ ಮಾಸ್ತಪ್ಪ ರಿಪ್ಪನ್‌ಪೇಟೆ ಕಡೆಯ ನಾಟಾ ಡಿಪೋದಲ್ಲಿ ಲಾರಿಗೆ ದಿಮ್ಮಿ ಏರಿಸುವಾಗ ಸೊಂಟದ ಮೇಲೆ ದಿಮ್ಮಿ ಉರುಳಿ ಮಲಗಿದವನು. ಊರು ಹಾಲುಗುಡ್ಡೆ. ಚೇರ್ಮನ್ ಹೇರಂಬ ಹೆಗಡೆ. ಮಂಜುನಾಥಪ್ಪನ ಅಪ್ಪ, ಅಜ್ಜ ಎಲ್ಲ ಆ ಹೆಗಡೆಯ ಮನೆಯ ಗದ್ದೆ ಗೇಣಿಗೆ ಮಾಡಿದವರೇ. ಅವ್ವ ಗುತ್ಯಮ್ಮ ಅರ್ಜಿ ಹಿಡಿದು ಮೂರು ಸಲ ಹೆಗಡೆಯ ಮನೆಯ ಅಂಗಳಕ್ಕೆ ಹೋದಳು, ಮೂರು ಸಲವೂ ಬರಿಗೈಯಲ್ಲಿ ಬಂದಳು.

"ಇವತ್ತು ಆಗಲ್ಲ, ಕಾಗದ ಇಟ್ಟು ಹೋಗು ಅಂದ್ರು ಮಗಾ. ನೀ ಬಿಟ್ಟು ಬರಬ್ಯಾಡ, ಕಣ್ಣೆದುರಿಗೇ ಸಹಿ ಹಾಕಿಸ್ಕಂಡು ಬಾ ಅಂದಿದ್ಯಲ್ಲ, ವಾಪಸ್ ತಂದೆ" ಅಂದಳು ಮೂರನೆಯ ಸಲ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ.

"ಸರಿಯಾಗೇ ಮಾಡ್ದೆ. ಅಲ್ಲಿ ಬಿಟ್ಟಿದ್ರೆ ಬಚ್ಚಲೊಲೆಗೆ ಹಾಕಿರೋರು" ಅಂದಿದ್ದ ಮಂಜುನಾಥಪ್ಪ.

ಮಾಸ್ತಪ್ಪನ ಬೆನ್ನಿಗೆ ಮಲಗಿ ಮಲಗಿ ಹುಣ್ಣಾಯಿತು, ಹುಣ್ಣು ಕೊಳೆಯಿತು, ಆಷಾಢದಲ್ಲಿ ಅವನು ಸತ್ತ. ಗೇಣಿದಾರನ ಮಗ ಸಾಗರದಲ್ಲಿ ಕುರ್ಚಿಯ ಮೇಲೆ ಕೂತು ಶರಟು ಹಾಕಿಕೊಂಡು ಬರೆಯುವುದು ಆ ಹೆಗಡೆಗೆ ಕಣ್ಣುರಿ. ಆ ಉರಿಯಲ್ಲಿ ನನ್ನ ತಮ್ಮನನ್ನು ಕೊಂದ. ಮಂಜುನಾಥಪ್ಪ ಇದನ್ನು ಅನುಮಾನ ಎಂದುಕೊಳ್ಳಲಿಲ್ಲ, ಸತ್ಯ ಎಂದೇ ತಿಳಿದ. ಊರಿನವರೂ ಹೇಳುತ್ತಿದ್ದರಲ್ಲ, ಹೆಗಡೇರಿಗೆ ಈಚೆಗೆ ಸೊಕ್ಕು ಏರಿದೆ, ಕೈ ಮುಗಿದರೆ ತಿರುಗಿ ಮುಗಿಯುವುದೂ ಇಲ್ಲ ಎಂದು.

ಕತ್ತಿ ಹಿಡಿದು ಹೋಗುವುದು ದಡ್ಡರ ಕೆಲಸ. ಹಾವು ಸಾಯಬೇಕು, ಕೋಲು ಮುರಿಯಬಾರದು. ಯಾವ ಸಹಿಯನ್ನು ಹಾಕದೆ ಹೆಗಡೆ ತಮ್ಮನನ್ನು ಕೊಂದನೋ, ಆ ಸಹಿಯಿಂದಲೇ ಅವನು ಜೈಲಿಗೆ ಹೋಗಬೇಕು. ಈ ಯೋಚನೆ ಹೊಳೆದ ದಿನ ಮಂಜುನಾಥಪ್ಪ ಎರಡು ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ.

ಹಾಲುಗುಡ್ಡೆಯಲ್ಲಿ ಅವನು ಏಳು ಜನರನ್ನು ಹುಟ್ಟಿಸಿದ. ಹುಟ್ಟು ಕುರುಡ ಭೂತಪ್ಪ, ವಯಸ್ಸು ಐವತ್ತು. ಎರಡೂ ಕಾಲಿಲ್ಲದ ಕೆರಿಯಮ್ಮ, ವಿಧವೆ. ಮಾತು ಬಾರದ ಅಣ್ಣ ತಂಗಿ ಇಬ್ಬರು. ಹೀಗೆ ಒಬ್ಬೊಬ್ಬರಿಗೂ ಮನೆ, ವಯಸ್ಸು, ಊನ, ಚಹರೆ ಎಲ್ಲ ಕೊಟ್ಟ. ಏಳನೆಯವನಿಗೆ ಸೊಂಟ ಮುರಿದದ್ದು, ನಾಟಾ ಕೆಲಸದಲ್ಲಿ, ವಯಸ್ಸು ಇಪ್ಪತ್ತಾರು. ಅವನ ಹೆಸರಿನ ಮುಂದೆ ಕಂಬಳಿ ಎರಡು, ಹಾಲಿನ ಪುಡಿ ಡಬ್ಬಿ ನಾಲ್ಕು ಎಂದು ಬರೆಯುವಾಗ ಮಂಜುನಾಥಪ್ಪನ ಕಣ್ಣು ತುಂಬಿ ಬಂತು. ಇದ್ದ ತಮ್ಮನಿಗೆ ಸಿಗದ್ದು ಇಲ್ಲದವನಿಗೆ ಸಿಕ್ಕಿತು.

ಅರ್ಜಿಗೊಂದು ಹೆಬ್ಬೆಟ್ಟು ಬೇಕು. ಏಳು ಅರ್ಜಿಗೆ ತನ್ನದೇ ಏಳು ಬೆರಳು ಒತ್ತಿದ. ಇಲ್ಲದ ಮನುಷ್ಯನ ಬೆರಳನ್ನು ತಾಳೆ ನೋಡುವವರು ಯಾರು? ಅದರಲ್ಲೂ ಓದು ಬರಹ ಬಲ್ಲ ಗುಮಾಸ್ತನನ್ನು ಹೆಬ್ಬೆಟ್ಟು ಒತ್ತಯ್ಯ ಎಂದು ಯಾರೂ ಕೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಓದಿಸಿದ ಅಪ್ಪನ ಪುಣ್ಯ.

ಮುಖ್ಯವಾದದ್ದು ಸಹಿ. ಹಾಲುಗುಡ್ಡೆಯಿಂದ ಹಿಂದೆ ಬಂದಿದ್ದ ಒಂದೆರಡು ಅರ್ಜಿಗಳಲ್ಲಿ ಹೆಗಡೆಯ ಸಹಿ ಇತ್ತು, ಆದರೆ ಕಾಗೆ ಕಾಲು ಗುಬ್ಬಿ ಕಾಲು. ಬಡವರ ಕಾಗದ ಅಂದರೆ ಇಷ್ಟೇ ಮರ್ಯಾದೆ, ನೊಣ ಓಡಿಸಿದ ಹಾಗೆ ಗೀಚಿ ಎಸೆಯುತ್ತಾನೆ ಎಂದು ಮಂಜುನಾಥಪ್ಪ ಹಲ್ಲು ಕಡಿದ. ಆ ಗೀಚು ಅವನಿಗೆ ಬೇಡವಾಗಿತ್ತು. ಇಂಥ ದೊಡ್ಡ ಮೋಸಕ್ಕೆ ದೊಡ್ಡ ಮನುಷ್ಯನ ನಿಜವಾದ ಸಹಿಯೇ ಬೇಕು. ಕೋರ್ಟಿನಲ್ಲಿ ಯಾರೂ ಅದನ್ನು ಅಲ್ಲ ಎನ್ನಬಾರದು. ಅವ್ವನ ತಗಡಿನ ಪೆಟ್ಟಿಗೆಯಲ್ಲಿ ಅಪ್ಪನ ಕಾಲದ ಗೇಣಿ ಚೀಟಿ ಒಂದಿತ್ತು. ಅದರ ಕೆಳಗೆ ಮುತ್ತು ಪೋಣಿಸಿದಂತೆ ಹೇರಂಬ ಹೆಗಡೆ ಎಂಬ ಹೆಸರು, ಅದರಡಿ ಒಂದು ಉದ್ದನೆಯ ಬಾಲ. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದ ಹೊತ್ತಿನಲ್ಲಿ ಮಂಜುನಾಥಪ್ಪ ಒಂದು ತಿಂಗಳು ಆ ಬಾಲವನ್ನು ಸಾಕಿದ. ಕೊನೆಗೆ ಯಾವುದು ಹೆಗಡೆಯದು, ಯಾವುದು ತನ್ನದು ಎಂದು ಅವನಿಗೇ ತಿಳಿಯದಾಯಿತು.

ಪಂಚಾಯಿತಿಯ ಮೊಹರು ಇನ್ನೂ ಸುಲಭವಾಯಿತು. ಒಂದು ಗುರುವಾರ ಸಿಡುಬಿನ ಲೆಕ್ಕ ಕೇಳುವ ನೆವದಲ್ಲಿ ಹೆಗಡೆಯ ಮನೆಗೇ ಹೋದ. ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕೈ ಮುಗಿದ. ಹೆಗಡೆ ಮೈತುಂಬ ಶಾಲು ಹೊದ್ದು ಒಳಬಾಗಿಲಿನಲ್ಲಿ ನಿಂತು ಬರೀ ತಲೆಯಾಡಿಸಿದರು.

"ಕೂತ್ಕೋ ಮಂಜುನಾಥ. ತಮ್ಮ ಹೋದ ಅಂತ ಕೇಳ್ದೆ, ಪಾಪ" ಅಂದರು. ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕರೆದರು. "ಮಹಾಲಕ್ಷ್ಮೀ, ಬೆಲ್ಲ ನೀರು ತಗಂಡು ಬಾ."

ಪಾಪ ಎಂಬ ಆ ಒಂದು ಮಾತು ಮಂಜುನಾಥಪ್ಪನ ಎದೆಯಲ್ಲಿ ಕೊಳ್ಳಿ ಇಟ್ಟಿತು. ಕೊಂದವನೇ ಪಾಪ ಅನ್ನುತ್ತಾನೆ! ಹೆಗಡೆ ಒಳಗೆ ಹೋದರು. ಬೆಲ್ಲ ನೀರು ಬರುವಷ್ಟರಲ್ಲಿ ಜಗಲಿಯ ಮೇಜಿನ ಮೇಲಿದ್ದ ಮೊಹರು ಏಳು ಅರ್ಜಿಗಳ ಮೇಲೆ ಬಿದ್ದಿತ್ತು. ಮಲೆನಾಡಿನಲ್ಲಿ ಶತ್ರು ಬಂದರೂ ಬೆಲ್ಲ ನೀರು ಕೊಡದೆ ಕಳಿಸುವುದಿಲ್ಲ. ಮಂಜುನಾಥಪ್ಪ ಬೆಲ್ಲ ಚೀಪಿ, ನೀರು ಕುಡಿದು, ಋಣ ಇಟ್ಟುಕೊಳ್ಳಬಾರದೆಂದು ಒಳ್ಳೆಯ ಬೆಲ್ಲ ಎಂದು ಹೊಗಳಿಯೂ ಬಂದ.

ಮುಂದಿನದು ತಾನಾಗಿ ನಡೆಯಿತು. ಏಳೂ ಜನಕ್ಕೆ ಚೀಟಿ ಮಂಜೂರಾಯಿತು. ಹಾಸಿಗೆ ಹಿಡಿದವರ ಸಾಮಾನನ್ನು ಚೇರ್ಮನ್ ಮನೆಗೇ ಕಳಿಸಬೇಕೆಂದು ನಿಯಮ. ಹಾಗಾಗಿ ಕಂಬಳಿಗಳು, ಹಾಲಿನ ಪುಡಿಯ ಡಬ್ಬಿಗಳು ರಿಪ್ಪನ್‌ಪೇಟೆಯ ಬಸ್ಸಿನಲ್ಲಿ ಹೋಗಿ ಹೆಗಡೆಯ ಅಟ್ಟ ಸೇರಿದವು. ಬರಬೇಕಾದವರು ಬರಲಿಲ್ಲ. ಇದ್ದರಲ್ಲವೇ ಬರಲು! ಒಂದು ತಿಂಗಳು ಕಾದು ಮಂಜುನಾಥಪ್ಪ ಒಂದು ಮೂಗರ್ಜಿ ಬರೆದ. ಹಾಲುಗುಡ್ಡೆ ಚೇರ್ಮನ್ನರು ಇಲ್ಲದ ಅಂಗವಿಕಲರನ್ನು ಸೃಷ್ಟಿಸಿ ಅನಾಥರ ಕಂಬಳಿ ಹೊದೆಯುತ್ತಿದ್ದಾರೆ, ಇತಿ ಒಬ್ಬ ನೊಂದ ನಾಗರಿಕ. ಅಕ್ಷರದ ಗುರುತು ಹತ್ತಬಾರದೆಂದು ಎಡಗೈಯಲ್ಲಿ ಬರೆದ. ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು, ಬೆರಳು ಸೆಟೆದವು, ಅಕ್ಷರ ಒಂದೊಂದು ದಿಕ್ಕಿಗೆ ಓಡಿತು. ವರದಹಳ್ಳಿಗೆ ಹೋಗುವ ಯಾತ್ರಿಕರ ನಡುವೆ ನುಗ್ಗಿ ಅಲ್ಲಿನ ಅಂಚೆ ಡಬ್ಬಿಗೆ ಹಾಕಿ, ಹೋದ ತಪ್ಪಿಗೆ ಸ್ವಾಮಿಗಳ ಆಶ್ರಮಕ್ಕೂ ಅಡ್ಡಬಿದ್ದು ಬಂದ. ದೇವರು ತನ್ನ ಕಡೆಗೇ ಇದ್ದಾನೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ಅರವತ್ತೇಳರ ಸಂಕ್ರಾಂತಿ ಕಳೆದ ವಾರ ವಿಚಾರಣೆ ಬಂತು. ಹೊಸನಗರದ ಅಮಲ್ದಾರರು, ಜೊತೆಗೆ ಯೋಜನೆಯ ಕಡೆಯಿಂದ ತೀರ್ಥಹಳ್ಳಿಯ ಡಾಕ್ಟರ್ ಮುಕುಂದಯ್ಯ, ಕಾಗದದ ಕಟ್ಟು ಹೊತ್ತುಕೊಂಡು ಮಂಜುನಾಥಪ್ಪ, ಹಿಂದೆ ಒಬ್ಬ ಪೊಲೀಸಿನವನು. ಹೆಗಡೆಯ ಜಗಲಿಯಲ್ಲೇ ಕುರ್ಚಿ ಹಾಕಿದರು. ಅಂಗಳದಲ್ಲಿ ಅರ್ಧ ಊರು ನಿಂತಿತ್ತು. ಭೂತಪ್ಪ ಯಾರು, ಕೆರಿಯಮ್ಮ ಎಲ್ಲಿ ಎಂದು ಅಮಲ್ದಾರರು ಕೂಗಿ ಕೇಳಿದರು. ಯಾರೂ ಓ ಎನ್ನಲಿಲ್ಲ. ಅಟ್ಟದಿಂದ ಕಂಬಳಿ, ಡಬ್ಬಿಗಳನ್ನು ಇಳಿಸಿದರು. ಒಂದರ ಬಾಯಿಯೂ ಬಿಚ್ಚಿರಲಿಲ್ಲ.

"ಯಾರೋ ಬಂದು ತಗಂಡು ಹೋಗ್ತಾರೆ ಅಂತ ಇಟ್ಟಿದ್ದೆ ಸ್ವಾಮಿ. ಕಚೇರಿಯಿಂದ ಬಂದದ್ದು ತಾನೆ" ಅಂದರು ಹೆಗಡೆ. ದನಿ ಸ್ವಲ್ಪ ನಡುಗುತ್ತಿತ್ತು. ಆ ನಡುಕವನ್ನು ಮಂಜುನಾಥಪ್ಪ ಕಿವಿ ತುಂಬ ಕೇಳಿಸಿಕೊಂಡ.

ಬಾಗಿಲ ಸಂದಿಯಿಂದ ಸೊಸೆ ಕೇಳಿದಳು. "ಎಂತ ಆತು ಮಾವ?"

"ಎಂತೂ ಇಲ್ಲೆ, ನೀ ಒಳಗೆ ಹೋಗು."

ಅಮಲ್ದಾರರು ಏಳು ಅರ್ಜಿಗಳನ್ನು ಹೆಗಡೆಯ ಮುಂದೆ ಹರಡಿದರು. "ಈ ಸಹಿ ನಿಮ್ಮದೇ ಏನ್ರೀ?"

ಹೆಗಡೆ ಬಗ್ಗಿ ಬಹಳ ಹೊತ್ತು ನೋಡಿದರು. ಎಷ್ಟೋ ವರ್ಷದ ಮೇಲೆ ಹಳೆಯ ನೆಂಟನನ್ನು ಕಂಡವರ ಹಾಗೆ ಅವರ ಮುಖ ಒಂದು ಕ್ಷಣ ಅರಳಿತು. "ನನ್ನದೇ ಸಹಿ. ಆದ್ರೆ ನಾನು ಹಾಕಿದ್ದಲ್ಲ" ಅಂದರು.

ಅಂಗಳದಲ್ಲಿ ಯಾರೋ ನಕ್ಕರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ! ಅಮಲ್ದಾರರು ಗುಮಾಸ್ತನ ಕಡೆ ತಿರುಗಿದರು. "ಏನಯ್ಯ, ಇವನ್ನ ನಿನಗೆ ಕೊಟ್ಟೋರು ಯಾರು?"

ಈ ಪ್ರಶ್ನೆಗೆ ಅವನ ಉತ್ತರ ತಿಂಗಳುಗಳಿಂದ ಸಿದ್ಧವಾಗಿತ್ತು. ಹೆಚ್ಚು ಹೇಳಬಾರದು, ಕಡಿಮೆ ಹೇಳಬಾರದು. "ಹೆಗಡೇರೇ ಸ್ವಾಮಿ. ಒಂದು ಗುರುವಾರ ಸಿಡುಬಿನ ಲೆಕ್ಕಕ್ಕೆ ಬಂದಿದ್ದೆ. ಇದೇ ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ ಏಳಕ್ಕೂ ಟಕಟಕಾಂತ ಸಹಿ ಹಾಕಿ ಕೊಟ್ರು. ನಾನು ಕೆಳಗಿನ ನೌಕರ, ಚೇರ್ಮನ್ನರು ಕೊಟ್ಟ ಮೇಲೆ ಯಾಕೆ ಅಂತ ಕೇಳಕ್ಕಾಗುತ್ತಾ?"

ಅಮಲ್ದಾರರು ಆ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡು, ಓದಿ ಹೇಳಿ, ಕೆಳಗೆ ಅವನ ಸಹಿ ಹಾಕಿಸಿಕೊಂಡರು. ಮಂಜುನಾಥಪ್ಪ ಹಾಕಿದ. ಮಾಸ್ತಪ್ಪನ ಮುಖ ಕಣ್ಣ ಮುಂದೆ ಬಂತು. ನೋಡು ತಮ್ಮಾ, ನಿನಗೆ ಒಂದು ಸಹಿ ಹಾಕದವನ ಕತೆ ಏನಾಯಿತು ನೋಡು ಎಂದು ಮನಸ್ಸಿನಲ್ಲೇ ಅಂದುಕೊಂಡ.

ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಡಾಕ್ಟರ್ ಮುಕುಂದಯ್ಯ ಕನ್ನಡಕ ತೆಗೆದು ಒರೆಸಿದರು. "ಹೆಗಡೇರೇ, ಯಾರಿಗೂ ಹೇಳಬೇಡಿ ಅಂದಿದ್ರಿ, ಹೇಳ್ಲಿಲ್ಲ. ಇನ್ನು ಸುಮ್ಮನಿದ್ರೆ ನಿಮಗೆ ಕೋಳ ಬೀಳುತ್ತೆ" ಅಂದರು. ಹೆಗಡೆ ತಲೆ ತಗ್ಗಿಸಿ ಆಗಲಿ ಎಂಬಂತೆ ಆಡಿಸಿದರು. ಡಾಕ್ಟರು ಗುಮಾಸ್ತನ ಕಡೆ ತಿರುಗಿದರು. "ಮಂಜುನಾಥಪ್ಪ, ನಿಮ್ಮ ಕಟ್ಟಿನಲ್ಲಿ ನಮ್ಮ ತೀರ್ಥಹಳ್ಳಿ ಪಟ್ಟಿ ಇದೆಯಲ್ಲ, ತೆಗೀರಿ. ಒಂದನೇ ನಂಬರು ಗಟ್ಟಿಯಾಗಿ ಓದಿ."

ಆ ಪಟ್ಟಿಯನ್ನು ಮಂಜುನಾಥಪ್ಪ ಈವರೆಗೆ ಬಿಚ್ಚಿ ನೋಡಿರಲಿಲ್ಲ. ಒಬ್ಬರೇ ಎರಡು ತಾಲೂಕಿನಲ್ಲಿ ಚೀಟಿ ಪಡೆಯಬಾರದೆಂದು ಅದು ಅವನ ಮೇಜಿಗೆ ತಾಳೆಗೆ ಬಂದಾಗ ಅವನು ಹಾಲುಗುಡ್ಡೆಯ ಏಳು ಜನರನ್ನು ಹುಟ್ಟಿಸುವುದರಲ್ಲಿ ಮುಳುಗಿದ್ದ. ಎಲ್ಲೋ ತೀರ್ಥಹಳ್ಳಿಯ ಕುಂಟರ ಹೆಸರು ತನಗೇಕೆ ಎಂದು ಕೊನೆಯ ಹಾಳೆಯಲ್ಲಿ 'ಪೂರ್ತಿ ಓದಿ ತಾಳೆ ನೋಡಿದ್ದೇನೆ' ಎಂದು ಬರೆದು, ಸಹಿ ಮಾಡಿ, ದಾರ ಹಾಕಿ ಹೊಲಿದಿದ್ದ. ಈಗ ದಾರ ಬಿಚ್ಚಿ ಓದತೊಡಗಿದ. "ಒಂದು. ಹೇರಂಬ ಹೆಗಡೆ, ಹಾಲುಗುಡ್ಡೆ, ತಂಗಿಯ ಮನೆ ತೀರ್ಥಹಳ್ಳಿ. ಲಕ್ವ ಹೊಡೆದು ಅರವತ್ಮೂರರ ಶಿವರಾತ್ರಿಯಿಂದ ಬಲಗೈ ಪೂರ್ತಿ ಸತ್ತಿದೆ. ಎಡಗೈಯಲ್ಲಿ ಕಷ್ಟದಿಂದ..." ಅಲ್ಲಿಗೇ ಓದು ಬಿಟ್ಟು ಹೆಗಡೆಯ ಕಡೆ ಕಣ್ಣೆತ್ತಿದ. ಹೆಗಡೆ ಎಡಗೈಯಿಂದ ಶಾಲು ಸರಿಸಿ, ಕಟ್ಟಿಗೆಯಂತಿದ್ದ ಬಲಗೈಯನ್ನು ಎತ್ತಿ ಅರ್ಧ ಊರಿನ ಎದುರಿಗೆ ಮೇಜಿನ ಮೇಲಿಟ್ಟರು. "ಕೈ ಹೋಯ್ತು ಅಂತ ತಿಳಿದ್ರೆ ಚೇರ್ಮನ್‌ಗಿರಿಯೂ ಹೋಗುತ್ತೆ ಅಂತ ಮುಚ್ಚಿಟ್ಟೆ ಮಂಜುನಾಥ. ಯಾರಾದ್ರೂ ಎದುರಿಗಿದ್ರೆ ನಾನು ಸಹಿ ಹಾಕ್ತಿರಲಿಲ್ಲ. ಒಳಗೆ ಬಾಗ್ಲು ಹಾಕ್ಕಂಡು ಎಡಗೈಲಿ ಗೀಚಬೇಕು. ಅದಕ್ಕೇ ನಿಮ್ಮವ್ವನಿಗೆ ಕಾಗದ ಇಟ್ಟು ಹೋಗು, ಬೆಳಿಗ್ಗೆ ಕೊಡ್ತೀನಿ ಅಂದೆ. ಮೂರು ಸಲಾನೂ ಅಂದೆ." ಅಮಲ್ದಾರರು, ಕಣ್ಣೆದುರಿಗೇ ಟಕಟಕಾಂತ ಎಂದು ತಾವು ಬರೆದುಕೊಂಡಿದ್ದ ಹೇಳಿಕೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಹೊರಗೆ ನಿಂತಿದ್ದ ಪೊಲೀಸಿನವನನ್ನು ಕರೆದರು. ಮಂಜುನಾಥಪ್ಪನಿಗೆ ಅದು ಕಾಣಲಿಲ್ಲ. ಅಂಗಳದ ಗುಂಪಿನಲ್ಲಿ ಅವ್ವ ಗುತ್ಯಮ್ಮ ನಿಂತಿದ್ದಳು, ಹೆಗಡೆ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು, ಈಗ ಮಗನನ್ನೇ ನೋಡುತ್ತಿದ್ದಳು.