ಹತ್ತಕ್ಕೆ ಸೊನ್ನೆ

"ಅರ್ಧ ಗಂಟೆ ಬೇಗ ಬಂದಿದ್ದೀರಿ," ಎಂದಳು ಅವಳು, ಬಾಗಿಲನ್ನು ಅರ್ಧವೇ ತೆರೆದು.

"ಟ್ಯೂಬ್ ಬಿಸಿಯಾಗೋಕೆ ಅರ್ಧ ಗಂಟೆ ಬೇಕಲ್ಲ ಮೇಡಂ. ಅಲ್ಲೀವರೆಗೂ ಕಾಯೋಣ ಅಂತ."

"ಹೊರಗೇ ಕಾಯಬಹುದಿತ್ತು."

"ಕಾಯಬಹುದಿತ್ತು," ಎಂದು ಒಪ್ಪಿಕೊಂಡು ಅವನು ಒಳಗೇ ಬಂದ.

ಗಿಟಾರಿನ ದನಿ ಹೆಚ್ಚಿಸುವ ಆಂಪ್ ಮಾಡುವವರು, ಮಾರುವವರು ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು 'ಕಿವಿ'. ಹೊಸ ಆಂಪ್ ಕಾರ್ಖಾನೆಗೆ ಹೋಗುವ ಮುಂಚೆ ಇವನು ಕೇಳಬೇಕು. ಇವನು ಹೂಂ ಅಂದರೆ ಸಾವಿರಗಟ್ಟಲೆ ತಯಾರಾಗುತ್ತವೆ, ಊಹೂಂ ಅಂದರೆ ಮೂಲೆ ಸೇರುತ್ತದೆ. ಎರಡು ವರ್ಷದ ಹಿಂದೆ ಅವಳ ಮೊದಲ ಆಂಪಿಗೆ ಊಹೂಂ ಅಂದಿದ್ದ. ಅಷ್ಟೇ ಅಂದಿದ್ದರೆ ಮರೆಯುತ್ತಿದ್ದಳೇನೋ. ವರದಿಯಲ್ಲಿ ಒಂದು ಸಾಲು ಬೇರೆ ಬರೆದಿದ್ದ: 'ಇದು ಟ್ಯೂಬ್ ಆಂಪಿನ ಫೋಟೋ. ಫೋಟೋ ಚೆನ್ನಾಗಿದೆ.'

ಆ ಸಾಲನ್ನು ಅವಳು ದಪ್ಪಕ್ಷರದಲ್ಲಿ ಪ್ರಿಂಟ್ ಮಾಡಿಸಿ, ಬೆಸುಗೆ ಹಾಕುವ ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದಳು. ಎರಡು ವರ್ಷ, ತಲೆಯೆತ್ತಿದಾಗಲೆಲ್ಲ ಅದನ್ನು ಓದಿ ಹಲ್ಲು ಕಡಿಯುತ್ತಿದ್ದಳು. ದ್ವೇಷಕ್ಕೂ ಶಿಸ್ತು ಬೇಕು. ಅವಳಲ್ಲಿ ಅದು ಧಾರಾಳವಾಗಿತ್ತು.

ಅವನು ಗೋಡೆ ನೋಡಿದ. "ಇನ್ನೂ ಇಟ್ಕೊಂಡಿದ್ದೀರಾ?"

"ನನಗೆ ಮರೆವು ಜಾಸ್ತಿ. ಯಾರ ಮೇಲೆ ಕೋಪ ಅಂತ ನೆನಪಿರ್ಬೇಕಲ್ಲ."

"ಫೋಟೋ ಚೆನ್ನಾಗಿದೆ ಅಂತಾನೂ ಬರೆದಿದ್ದೆ."

"ಕೋಪ ಅದಕ್ಕೇ."

ಮೂಲೆಯಲ್ಲಿ ಕೂತಿದ್ದ ಅಪ್ಪ ಕೆಮ್ಮಿದರು. ನಲವತ್ತು ವರ್ಷ ಆಂಪ್ ರಿಪೇರಿ ಮಾಡಿ ಎಡಗಿವಿ ಮಂದವಾಗಿತ್ತು. ಜಗಳ ಮಾತ್ರ ಎರಡೂ ಕಿವಿಗೆ ಕೇಳಿಸುತ್ತಿತ್ತು.

ಮೇಜಿನ ಮೇಲೆ ಎರಡು ಆಂಪ್. ಒಂದು ಅಪ್ಪನ ಹಳೆಯದು, ಹಳೆ ರೇಡಿಯೋದಲ್ಲಿರುವಂಥ ಗಾಜಿನ ಟ್ಯೂಬುಗಳದ್ದೇ ಪೂರ್ತಿ, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಇನ್ನೊಂದು ಅವಳ ಹೈಬ್ರಿಡ್. ಅದರೊಳಗೆ ಒಂದು ಚಿಪ್ ಹಳೆಯ ಆಂಪುಗಳ ಸ್ವಭಾವವನ್ನೇ ಕಲಿತು ಅನುಕರಿಸುತ್ತದೆ, ಮಾಡೆಲಿಂಗ್ ಎನ್ನುವುದು ಅದಕ್ಕೇ. ಆ ದನಿ ಕೊನೆಯಲ್ಲಿ ಎರಡು ನಿಜವಾದ ಟ್ಯೂಬುಗಳನ್ನು ಹಾದು ಸ್ಪೀಕರಿಗೆ ಹೋಗುತ್ತದೆ. ಒಂದೇ ಕೈಯಲ್ಲಿ ಎತ್ತಬಹುದು.

ಪರೀಕ್ಷೆ ಸರಳ. ಪರದೆಯ ಹಿಂದೆ ಅವಳು ಹತ್ತು ಸಲ ನುಡಿಸಬೇಕು. ಕೆಲವು ಸಲ ಹಳೆಯದರಲ್ಲಿ, ಕೆಲವು ಸಲ ಹೊಸದರಲ್ಲಿ. ಯಾವುದು ಯಾವುದೆಂದು ಕಿವಿ ಹೇಳಬೇಕು. ಐದಾರು ಸರಿಯಾದರೆ ಬರೀ ಊಹೆ, ಅಂದರೆ ವ್ಯತ್ಯಾಸ ಗೊತ್ತಾಗಲಿಲ್ಲ, ಹೊಸದು ಪಾಸ್. ಎಂಟು ದಾಟಿದರೆ ಫೇಲ್. ಈ ಸಲ ಫೇಲಾದರೆ ಟ್ಯೂಬ್ ಕಿತ್ತುಹಾಕಿ ಬರೀ ಚಿಪ್ ಇಟ್ಟು ಮಾರುತ್ತೇವೆ ಎಂದು ಕಾರ್ಖಾನೆಯವರು ಖಡಾಖಂಡಿತ ಹೇಳಿದ್ದರು. ಅವಳ ಎರಡು ವರ್ಷ ಆ ಎರಡು ಟ್ಯೂಬುಗಳಲ್ಲೇ ಇತ್ತು.

ಟ್ಯೂಬುಗಳು ಕೆಂಪಗಾದವು. ಬಿಸಿ ಧೂಳಿನ ವಾಸನೆ ಕೋಣೆ ತುಂಬಿತು. ಅವನು ಮೀಟರ್ ಹಿಡಿದು ಎರಡೂ ಆಂಪಿನ ಜೋರು ಸಮ ಮಾಡಿಸತೊಡಗಿದ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದಂತೆ.

"ಒಂದು ಕೂದಲೆಳೆ ಕಮ್ಮಿ. ಇನ್ನೊಂದು ಸ್ವಲ್ಪ... ಸಾಕು."

"ಕೈ ತೆಗೀರಿ. ಗುರುತು ಹಾಕ್ಬೇಕು."

"ಗುಂಡಿ ಮೇಲಿರೋದು ನಿಮ್ಮ ಕೈ ಮೇಡಂ. ನನ್ನದು ಮೀಟರ್ ಮೇಲಿದೆ."

ಅವಳು ನೋಡಿದಳು. ನಿಜ. ತಲೆಯೆತ್ತಿದರೆ ಅವನು ಮೀಟರಿನ ಮುಳ್ಳು ಬಿಟ್ಟು ಅವಳ ಬೆರಳು ನೋಡುತ್ತಿದ್ದ. ಸಿಕ್ಕಿಬಿದ್ದ ಕೂಡಲೇ ಮುಳ್ಳಿನ ಕಡೆಗೆ ತಿರುಗಿದ, ಆ ಮುಳ್ಳು ಎಲ್ಲೋ ಓಡಿಹೋಗುತ್ತದೇನೋ ಎನ್ನುವ ಹಾಗೆ. ಅವಳ ಮುಖ ಬಿಸಿಯಾಯಿತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಗುಂಡಿಗಳಿಗೆ ಸೀಮೆಸುಣ್ಣದ ಗುರುತು ಬಿತ್ತು. ಇನ್ನು ಅವನ್ನು ಮುಟ್ಟುವ ಹಾಗಿಲ್ಲ. ಉಳಿದದ್ದು ಸ್ವಿಚ್ ಪೆಟ್ಟಿಗೆ. ಎರಡೂ ಆಂಪಿನ ಕೇಬಲ್ ಅದಕ್ಕೆ ಸೇರುತ್ತವೆ; ಅದರ ಸ್ವಿಚ್ಚನ್ನು ಕಾಲಿನಿಂದ ಒತ್ತಿದರೆ 'ಹಳೆಯದು', ಮತ್ತೆ ಒತ್ತಿದರೆ 'ಹೊಸದು'. ಸ್ಪೀಕರ್ ಎರಡಕ್ಕೂ ಒಂದೇ.

"ಜೋಡಣೆ ಒಂದ್ಸಲ ನೋಡ್ಲಾ? ನಿಯಮ ಇದೆ."

"ಎಂಟನೇ ವಯಸ್ಸಿಂದ ಕೇಬಲ್ ಚುಚ್ತಿದ್ದೀನಿ. ನಿಮ್ಮ ಕೆಲಸ ಕೇಳೋದು. ಪರದೆ ಆಚೆ ನಡೀರಿ."

ಅವನು ಏನೋ ಹೇಳಹೊರಟು, ಅವಳ ಮುಖ ನೋಡಿ, ಪರದೆಯಾಚೆ ಹೋಗಿ ಕುರ್ಚಿಯಲ್ಲಿ ಕೂತ. ಅವಳು ಮೇಜಿನ ಹಿಂಬದಿಯಿಂದ ಬಗ್ಗಿ, ಸಿಟ್ಟಿನಲ್ಲೇ ನಾಲ್ಕು ಕೇಬಲ್ ಚುಚ್ಚಿದಳು.

ಅಪ್ಪ ಚೀಟಿ ಎತ್ತಿ ತೋರಿಸುತ್ತ ಹೋದರು. ಹಳೆಯದು. ಅವಳ ಕೈ ತಾನಾಗಿ ಹರಿಯಿತು. ಚಿಕ್ಕಂದಿನಿಂದ ಅಪ್ಪನ ಆಂಪಿನ ಮುಂದೆ ಕೂತು ನುಡಿಸುತ್ತಿದ್ದ ಅದೇ ರಾಗ. ಹೊಸದು. ಒಂದು ಸ್ವರವೂ ತಪ್ಪಬಾರದೆಂದು ತಂತಿಯನ್ನು ಗಟ್ಟಿಯಾಗಿ ಒತ್ತಿದಳು. ದನಿ ಸ್ವಲ್ಪ ಒರಟು ಅನ್ನಿಸಿತು. ಮತ್ತೆ ಹೊಸದು. ಇನ್ನೂ ಗಟ್ಟಿಯಾಗಿ ಒತ್ತಿದಳು. ಆಮೇಲೆ ಹಳೆಯದು ಬಂದಾಗ ಮನೆಗೆ ಬಂದಷ್ಟು ಹಾಯೆನಿಸಿತು.

ಹತ್ತೂ ಮುಗಿದ ಮೇಲೆ ಅಪ್ಪ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಬೆರಳಿಟ್ಟುಕೊಂಡು ಬಂದರು. ಅವರ ಬೆರಳು ಕೊನೆ ಮುಟ್ಟುವ ಹೊತ್ತಿಗೆ ಅವಳಿಗೆ ಗೊತ್ತಾಗಿಹೋಗಿತ್ತು.

"ಹತ್ತಕ್ಕೆ ಹತ್ತು," ಎಂದರು ಅಪ್ಪ, ಮೆಲ್ಲಗೆ.

"ಒಂದರಲ್ಲೂ ಸಂಶಯ ಬರ್ಲಿಲ್ವಾ ನಿಮಗೆ?"

"ಇಲ್ಲ."

"ಒಂದೇ ಒಂದರಲ್ಲೂ?"

"ಬಂದಿದ್ರೆ ಚೆನ್ನಾಗಿರ್ತಿತ್ತು," ಎಂದ ಅವನು. ಗೆದ್ದವನ ಮುಖವಾಗಿರಲಿಲ್ಲ ಅದು.

"ಕನಿಕರ ಬೇಡ. ಸೈನ್ ಮಾಡಿ ಹೊರಡಿ. ಈ ಸಲ ಏನ್ ಬರೀತೀರಾ? ಫೋಟೋ ಮಾಸಿದೆ ಅಂತಾನಾ?"

ಅವನು ಸಹಿ ಹಾಕಿದ, ಚೀಲ ಎತ್ತಿಕೊಂಡ, ಮೆಟ್ಟಿಲಿಳಿದ.

ಅಳು ಬರುವ ಮುಂಚೆ ಏನಾದರೂ ಕೆಲಸ ಮಾಡಬೇಕೆಂದು ಹಳೆಯ ಆಂಪನ್ನು ಆರಿಸಿದಳು. ಕೆಂಪು ದೀಪ ಆರಿತು. ಕೊರಳಲ್ಲಿನ್ನೂ ಗಿಟಾರ್ ಇತ್ತು, ಸಿಟ್ಟಿಗೆ ಒಂದು ತಂತಿ ಮೀಟಿದಳು. ದನಿ ಬಂತು. ಕಾಲಡಿಯ ಸ್ವಿಚ್ 'ಹಳೆಯದು' ಎಂಬಲ್ಲೇ ಇತ್ತು.

ಆರಿಸಿದ ಮೇಲೂ ಟ್ಯೂಬ್ ಒಂದಷ್ಟು ಹೊತ್ತು ಉಸಿರು ಹಿಡಿದಿರುತ್ತದೆ, ಅದು ಅವಳಿಗೆ ಗೊತ್ತು. ಮೂವತ್ತು ಎಣಿಸಿ ಮತ್ತೆ ಮೀಟಿದಳು. ಮತ್ತೆ ಬಂತು, ದುಂಡಗೆ, ತುಂಬಿಕೊಂಡು.

ಮೇಜಿನ ಹಿಂದಕ್ಕೆ ಓಡಿ ಬಗ್ಗಿ ನೋಡಿದಳು. ಹಿಂದಿನಿಂದ ನಿಂತು ಚುಚ್ಚಿದವಳಿಗೆ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ನಾಲ್ಕೂ ಕೇಬಲ್ ಅದಲುಬದಲು. ಹಳೆಯದೆಂದು ನುಡಿಸಿದ್ದೆಲ್ಲ ಹೊಸದರಲ್ಲಿ. ಹೊಸದೆಂದು ನುಡಿಸಿದ್ದೆಲ್ಲ ಅಪ್ಪನದರಲ್ಲಿ.

ಮೆಟ್ಟಿಲ ಬಾಯಿಗೆ ಬಂದು ಕೂಗಿದಳು. "ರೀ ಕಿವಿ! ಮೇಲೆ ಬನ್ನಿ!"

"ಬೈಗುಳ ಏನಾದ್ರೂ ಬಾಕಿ ಇದೆಯಾ?"

"ನಿಮಗೆ ಹತ್ತಕ್ಕೆ ಸೊನ್ನೆ!"

ಅವನು ಎರಡೆರಡು ಮೆಟ್ಟಿಲು ಹತ್ತಿ ಬಂದ. ಕೇಬಲ್ ನೋಡಿದ, ಆರಿದ ದೀಪ ನೋಡಿದ, ತನ್ನ ಪಟ್ಟಿ ನೋಡಿದ.

"ಸುಮ್ನೆ ಊಹಿಸಿದ್ರೂ ಐದು ಸರಿ ಬರ್ತಿತ್ತು," ಎಂದಳು ಅವಳು. "ಹತ್ತೂ ತಪ್ಪಾಗ್ಬೇಕಾದ್ರೆ ಏನೋ ಒಂದು ಖಚಿತವಾಗಿ ಕೇಳಿಸಿರ್ಬೇಕು. ಏನು ಕೇಳಿಸ್ತು ನಿಮಗೆ? ಟಿಪ್ಪಣಿ ಕೊಡಿ."

"ಅದು ನನ್ನ ಖಾಸಗಿ..."

ಅವಳು ಆಗಲೇ ಕಿತ್ತುಕೊಂಡಿದ್ದಳು.

'ಒಂದು. ಹಳೆಯದು. ಕೈ ಸಡಿಲವಾಗಿದೆ.' 'ಮೂರು. ಹೊಸದು. ಹೆದರಿಕೊಂಡು ನುಡಿಸುತ್ತಿದ್ದಾಳೆ.' 'ಏಳು. ಹಳೆಯದು. ತಂತಿ ಎಳೆದು ಬಿಡುವ ಮುನ್ನ ಒಂದು ಕ್ಷಣ ನಿಂತಳು. ಹೋದ ಸಲವೂ ಇಲ್ಲೇ ನಿಂತಿದ್ದಳು.'

ಪುಟ ತಿರುಗಿಸಿದಳು. ಆಂಪಿನ ಬಗ್ಗೆ ಒಂದಕ್ಷರವಿರಲಿಲ್ಲ.

"ಮುಖದೆದುರು ಮೇಡಂ ಮೇಡಂ ಅಂತ, ಹಾಳೆ ಮೇಲೆ 'ನಿಂತಳು'?"

"ಹಾಳೆ ನೀವು ಓದೋ ಹಾಗಿರ್ಲಿಲ್ಲ."

"ಹೋದ ಸಲ ಅಂದ್ರೆ ಎರಡು ವರ್ಷ ಆಯ್ತು. ಅಷ್ಟು ನೆನಪಿದೆಯಾ?"

"ಆ ಪರೀಕ್ಷೆಯ ರೆಕಾರ್ಡಿಂಗ್ ನನ್ನ ಹತ್ರ ಇದೆ. ಆರು ತಿಂಗಳಿಗೆ ಅಳಿಸ್ಬೇಕಿತ್ತು." ಅವನು ನೆಲ ನೋಡಿದ. "ಅಳಿಸಿಲ್ಲ."

"ನನ್ನ ಆಂಪ್ ಕೇಳಿ ಅಂತ ಕರೆದ್ರೆ, ನನ್ನನ್ನ ಕೇಳ್ತಾ ಕೂತಿದ್ರಾ? ನನ್ನ ಎರಡು ವರ್ಷದ ಕೆಲಸ ಅದು! ಇನ್ನೊಂದು ಕ್ಷಣದಲ್ಲಿ ಕಸದ ಬುಟ್ಟಿ ಸೇರ್ತಿತ್ತು!"

"ಗೊತ್ತು. ಬೈಯಿರಿ."

ಬೈಯಲು ಬಾಯಿ ತೆರೆದವಳು ಸ್ವಿಚ್ ಪೆಟ್ಟಿಗೆಯ ಕಡೆ ನೋಡಿದಳು. ಮೋಸ ಹೋದದ್ದು ಅವನೊಬ್ಬನೇ ಅಲ್ಲವಲ್ಲ. ಹೊಸದು ಒರಟಾಗಿದೆ ಎಂದು ಅವಳಿಗೂ ಅನ್ನಿಸಿತ್ತು, ಅದೂ ಅಪ್ಪನ ಆಂಪಿನ ಮುಂದೆ. ಮನೆಗೆ ಬಂದ ಹಾಗೆ ಹಾಯೆನಿಸಿದ್ದು ತನ್ನದೇ ಆಂಪಿನಲ್ಲಿ. ಅದನ್ನು ಹುಟ್ಟಿಸಿದವಳೇ ಅದನ್ನು ನಂಬಿರಲಿಲ್ಲ. ಗೋಡೆಯ ಮೇಲಿನ ಆ ಸಾಲನ್ನು ಎರಡು ವರ್ಷ ದ್ವೇಷಿಸುತ್ತ ದ್ವೇಷಿಸುತ್ತ ನಂಬಿಬಿಟ್ಟಿದ್ದಳು.

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ," ಎಂದರು ಅಪ್ಪ ಮೂಲೆಯಿಂದ. "ನಮ್ಮನೇಲಿ ಮಗು ಮುದ್ದಾಗೇ ಇದೆ, ಹೆತ್ತೋಳ ಕಣ್ಣಿಗೆ ಹೆಗ್ಗಣ."

"ಅಪ್ಪಾ, ಸುಮ್ನಿರಿ."

ಕಿವಿ ಸಹಿ ಹಾಕಿದ ವರದಿಯನ್ನು ಹೊರತೆಗೆದು ಅಡ್ಡಗೆರೆ ಎಳೆದ. ಹೊಸ ಹಾಳೆಯಲ್ಲಿ ಬರೆದ: 'ಪರೀಕ್ಷೆ ರದ್ದು. ತಪ್ಪು ಪರೀಕ್ಷಕನದು.'

"ಕೇಬಲ್ ತಪ್ಪು ಚುಚ್ಚಿದ್ದು ನಾನು."

"ನೋಡ್ಬೇಕಾಗಿದ್ದು ನಾನು. ನೀವು ಗದರಿದ್ರಿ ಅಂತ ಬಿಟ್ಟೆ. ಬೇರೆಯವರು ಗದರಿದ್ರೆ ಬಿಡ್ತಿರ್ಲಿಲ್ಲ."

ಹಾಳೆಯ ತುದಿಯಲ್ಲಿ ಒಂದು ಪ್ರಶ್ನೆ ಅಚ್ಚಾಗಿತ್ತು: ಪರೀಕ್ಷಕರಿಗೆ ತಯಾರಕರೊಂದಿಗೆ ವೈಯಕ್ತಿಕ ಸಂಬಂಧವಿದೆಯೇ? ಹೌದು, ಇಲ್ಲ. ಅವನು ಯಾವಾಗಲೂ ನೋಡದೆಯೇ 'ಇಲ್ಲ' ಎಂದು ಗುರುತು ಹಾಕುವ ಜಾಗ. ಇವತ್ತು ಪೆನ್ನು ನಿಂತಿತು.

"ಏನ್ ಯೋಚನೆ?" ಎಂದಳು. "ಸಂಬಂಧ ಎಲ್ಲಿಂದ ಬಂತು? ಇರೋದು ಜಗಳ."

"ಜಗಳಕ್ಕೆ ಕಾಲಂ ಇಲ್ಲ ಮೇಡಂ. 'ಹೌದು' ಅಂತ ಬರೆದ್ರೆ ನಿಮ್ಮ ಯಾವ ಆಂಪನ್ನೂ ನಾನಿನ್ನು ಪರೀಕ್ಷೆ ಮಾಡೋ ಹಾಗಿಲ್ಲ. ಇಲ್ಲಿಗೆ ಬರೋಕೆ ನೆಪಾನೂ ಇರಲ್ಲ. ಅದಕ್ಕೇ ಯೋಚನೆ."

'ಹೌದು' ಎಂಬುದಕ್ಕೆ ಗುರುತು ಹಾಕಿದ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದ: 'ಒಂದು ಕಡೆಯಿಂದ ಮಾತ್ರ.' ಒಂದು ಪ್ರತಿ ಮೇಜಿನ ಮೇಲಿಟ್ಟು ಹೊರಟುಹೋದ. ಅವಳು ತಡೆಯಲಿಲ್ಲ. ತಡೆಯಲಿಲ್ಲವಲ್ಲ ಎಂದು ವಾರವಿಡೀ ತನ್ನನ್ನೇ ಬೈದುಕೊಂಡಳು.

ಮುಂದಿನ ವಾರ ಬೇರೆ ಪರೀಕ್ಷಕಿ ಬಂದರು, ದಪ್ಪ ಕನ್ನಡಕದ ಹಿರಿಯಮ್ಮ. ಅವಳಿಂದ ಒಂದೇ ಸಲ ನುಡಿಸಿ ರೆಕಾರ್ಡ್ ಮಾಡಿಕೊಂಡು, ಅದನ್ನೇ ಎರಡೂ ಆಂಪಿಗೆ ಹರಿಸಿ ಕೇಳಿದರು. ಕೇಬಲ್ಲನ್ನು ಮೂರು ಸಲ ನೋಡಿದರು. ಹತ್ತಕ್ಕೆ ಐದು. "ನನಗೆ ಗೊತ್ತಾಗಲಿಲ್ಲಮ್ಮ," ಎಂದು ನಕ್ಕು ಸಹಿ ಹಾಕಿದರು.

ಪಾಸ್. ಅಪ್ಪ ಕಣ್ಣೊರೆಸಿಕೊಂಡರು. ಅವಳು ಫೋನ್ ತೆಗೆದು ಕಿವಿಗೆ ಎರಡೇ ಸಾಲು ಕಳಿಸಿದಳು: 'ನಾಳೆ ನಾಲ್ಕಕ್ಕೆ ಬನ್ನಿ. ಒಂದು ತಪ್ಪು ತಿದ್ದೋದಿದೆ.'

ಅವನು ಮೂರೂವರೆಗೇ ಬಂದ. ಚೀಲವಿಲ್ಲ, ಮೀಟರಿಲ್ಲ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ಕೂತ್ಕೊಳ್ಳಿ," ಎಂದಿತು ಪರದೆಯಾಚೆಯ ದನಿ. "ಒಂದೇ ಸಲ ನುಡಿಸ್ತೀನಿ. ಯಾವುದು ಅಂತ ಹೇಳಿ."

ನುಡಿಸಿದಳು. ಅದೇ ರಾಗ. ಬೆರಳು ತಾನಾಗಿ ಹರಿಯಿತು. ತಂತಿ ಎಳೆದು ಬಿಡುವ ಮುನ್ನ, ಅದೇ ಜಾಗದಲ್ಲಿ, ಬೇಕೆಂದೇ ಎರಡು ಕ್ಷಣ ನಿಂತಳು.

ಅವನು ತಡಮಾಡಲಿಲ್ಲ. "ಹಳೆಯದು."

ಪರದೆ ಸರಿಯಿತು. ಮೇಜಿನ ಮೇಲೆ ಹೈಬ್ರಿಡ್ ಒಂದೇ ಇತ್ತು. ಅಪ್ಪನ ಆಂಪ್ ಬೆಳಗ್ಗೆಯೇ ಕೆಳಗಿನ ಕೋಣೆ ಸೇರಿತ್ತು.

"ತಪ್ಪು," ಎಂದಳು. "ಈಗ ಹನ್ನೊಂದಕ್ಕೆ ಸೊನ್ನೆ. ನಿಮ್ಮನ್ನ ಕಿವಿ ಅಂತ ಕರೆದೋರು ಯಾರು?"

ಅವನು ನಗಬೇಕೆಂದು ಹೋಗಿ ನಿಂತುಬಿಟ್ಟ. ಅವಳ ಹೆಗಲ ಹಿಂದೆ, ಫೋಟೋದ ಸಾಲಿದ್ದ ಗೋಡೆಯಲ್ಲಿ ಈಗ ಅವನದೇ ವರದಿಯ ಪ್ರತಿ ಅಂಟಿಕೊಂಡಿತ್ತು. ತುದಿಯಲ್ಲಿ 'ಹೌದು' ಹಾಗೇ ಇತ್ತು. ಅದರ ಪಕ್ಕದ 'ಒಂದು ಕಡೆಯಿಂದ ಮಾತ್ರ' ಎಂಬುದರ ಮೇಲೆ ಕೆಂಪು ಪೆನ್ಸಿಲಿನಿಂದ ಒತ್ತಿ ಗೆರೆ ಎಳೆದಿತ್ತು.

"ಇದನ್ನ ಯಾರು ಹೊಡೆದುಹಾಕಿದ್ದು?" ಎಂದ ಅವನು.

"ನಾನೇ," ಎಂದಳು ಅವಳು, ಗಿಟಾರನ್ನು ಕೊರಳಿಂದ ಇಳಿಸುತ್ತ. "ಮಾಹಿತಿ ತಪ್ಪಿತ್ತು."